ಮೂರು ರಾತಲು ಎರಡು ಔನ್ಸಿನ ಮರ್ಯಾದೆ

“ಏನ್ರೀ, ನಿಮ್ಮ ಮೊಲಾನೂ ಶ್ರಾವಣದಾಗ ಒಪ್ಪತ್ತು ಹಿಡದೈತೇನು?”

ಆಗಸ್ಟ್ ಎರಡನೆಯ ತಾರೀಖು ಬೆಳಗ್ಗೆ ಏಳೂ ಇಪ್ಪತ್ತಕ್ಕೆ ನಮ್ಮ ಮನೆಯ ಕಟ್ಟೆಯ ಮುಂದೆ ನಿಂತು ಚನ್ನಬಸಪ್ಪ ಸಾಹುಕಾರರು ಕೇಳಿದ ಪ್ರಶ್ನೆ ಇದು. (ಹೊತ್ತು ನನಗೆ ಹೇಗೆ ನೆನಪಿದೆ ಎಂದು ಕೇಳಬೇಡಿ. ನನ್ನ ಡೈರಿಯ ವಿಷಯ ಈ ಅಂಕಣ ಓದುವವರಿಗೆಲ್ಲ ಗೊತ್ತು.) ಸಾಹುಕಾರರು ಎದುರು ಮನೆಯವರು. ಹತ್ತಿ ವ್ಯಾಪಾರ. ಎರಡು ಎಮ್ಮೆ ಇವೆ. ಆ ಎಮ್ಮೆಗಳ ಕೋಡಿಗೆ ವಾರಕ್ಕೊಮ್ಮೆ ಎಣ್ಣೆ ಸವರುತ್ತಾರೆ. ಮಕ್ಕಳ ತಲೆಗೆ ಎಷ್ಟು ದಿನಕ್ಕೊಮ್ಮೆ ಎಂಬುದು ನನ್ನ ಲೆಕ್ಕಕ್ಕೆ ಸಿಕ್ಕಿಲ್ಲ.

ನಾನು ಮೊಲದ ಕಡೆ ನೋಡಿದೆ. ಮೊಲ ನನ್ನ ಕಡೆ ನೋಡಿತು. ಬೆನ್ನ ಮೇಲೆ ಕೈಯಾಡಿಸಿದರೆ ಎಲುಬು ಒಂದೊಂದಾಗಿ ಬೆರಳಿಗೆ ಸಿಗುತ್ತಿದ್ದುದು ನಿಜ.

ಈ ಮೊಲ ನನ್ನದಲ್ಲ. ನನ್ನ ಹೆಂಡತಿ ಪಾರ್ವತಿಯದು. ಹೊಳಗುಂದದ ಅವಳ ತವರಿಗೆ ಸೋದರಮಾವ ಬಳ್ಳಾರಿಯಿಂದ ಅಂಗೈಯಷ್ಟು ಮರಿಯನ್ನು ತಂದುಕೊಟ್ಟಿದ್ದರು. ಬಿಡಿಸಿದ ಹತ್ತಿಯಂತೆ, ಅಂದರೆ ಅರಳೆಯಂತೆ, ಬೆಳ್ಳಗಿದ್ದುದರಿಂದ ‘ಅರಳಿ’ ಎಂದು ಕರೆದಳು. ಮದುವೆಯಾದ ಮಾರನೆಯ ದಿನ ಅದೂ ಒಂದು ಬುಟ್ಟಿಯಲ್ಲಿ ಕೂತು ನಮ್ಮ ಆದವಾನಿಗೆ ಬಂತು. ನಮ್ಮ ಕಡೆಯ ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕರು. ಸೊಸೆ ಬೀಸುವ ಕಲ್ಲು ತರಬಹುದು, ಹಸು ತರಬಹುದು. ಮೊಲ ತರುವುದೇ? ನಕ್ಕವರಿಗೆ ಹೊಳೆಯದೇ ಹೋದದ್ದು ಒಂದಿದೆ. ನಮ್ಮ ಇಡೀ ಮನೆಯಲ್ಲಿ ಅವಳನ್ನು ಮದುವೆಗೆ ಮುಂಚಿನಿಂದ ಬಲ್ಲ ಜೀವ ಅದೊಂದೇ. ನಾನು ಅವಳನ್ನು ಮುಂಚೆ ಕಂಡದ್ದು ಒಟ್ಟು ಹದಿನೈದು ನಿಮಿಷ. ಅದರಲ್ಲಿ ಚಹಾ ಕುಡಿದದ್ದು ಐದು.

ಆಗಸ್ಟ್ ಒಂದರಂದು ಪಾರ್ವತಿ ಪಂಚಮಿಗೆ ತವರಿಗೆ ಹೊರಟಳು. ಮದುವೆಯಾದ ಮೇಲೆ ಮೊದಲನೆಯ ಪಂಚಮಿ. ಮೂರು ವಾರ ಕಳೆದು ಬರುವವಳು. ಮೊಲವನ್ನು ಕರೆದುಕೊಂಡು ಹೋಗುವಂತಿರಲಿಲ್ಲ. ಬಸ್ಸಿನ ಕುಲುಕಾಟ ಒಂದು, ಅವಳ ಅಣ್ಣ ಹೊಸದಾಗಿ ಸಾಕಿದ ನಾಯಿ ಇನ್ನೊಂದು. ಹಾಗಾಗಿ ಅರಳಿ ನನ್ನ ಪಾಲಿಗೆ ಬಂತು.

ಬಸ್ಸಿನ ಕಿಟಕಿಯಲ್ಲಿ ಮುಖವಿಟ್ಟು ಹೇಳಿದಳು. “ಮಾಳಿಗಿ ಮ್ಯಾಲೆ ಒಂದು ಚೀಲ ಒಣಹುಲ್ಲು ಕೊಯ್ದು ಆರಿಸಿಟ್ಟೀನಿ. ದಿನಾ ಅದನ್ನ ಹಾಕ್ರಿ. ಒಂದ್ಹಿಡಿ ಗರಿಕಿ, ಒಂದು ಬಟ್ಟಲ ನೀರು. ಬ್ಯಾರೆ ಏನೂ ಹಾಕಬ್ಯಾಡ್ರಿ.” ಆಮೇಲೆ ಇನ್ನೂ ಒಂದು ಮಾತು ಹೇಳಿದಳು. ಆಗ ನಾನು ಬಸ್ಸಿನ ಮೇಲೆ ಏರಿಸಿದ ಗಂಟುಗಳನ್ನು ಎಣಿಸುತ್ತಿದ್ದೆ. “ಆತು ಆತು” ಎಂದೆ.

ಮರುದಿನವೇ ಸಾಹುಕಾರರ ಒಪ್ಪತ್ತಿನ ಪ್ರಶ್ನೆ.

ನಮ್ಮ ಓಣಿಯ ರೀತಿ ಗೊತ್ತಿಲ್ಲದವರಿಗೆ ಇದು ಬರಿಯ ತಮಾಷೆ ಎನಿಸಬಹುದು. ಇಲ್ಲಿ ಮನೆಯ ಮರ್ಯಾದೆ ಇರುವುದು ಅದರ ದನದ ಪಕ್ಕೆಯಲ್ಲಿ. ಬೀಗರು ಬಂದರೆ ಮೊದಲು ನೀರು ಕೊಡುತ್ತಾರೆ, ಎರಡನೆಯದಾಗಿ ಕೊಟ್ಟಿಗೆ ತೋರಿಸುತ್ತಾರೆ. ಪಕ್ಕೆ ಕಾಣಿಸಿತೋ, ಆ ಮನೆಯವರು ಕೈ ಬಿಗಿ. ಹೊಟ್ಟೆ ಎರಡೂ ಕಡೆ ಜೋತುಬಿದ್ದಿತೋ, ದೊಡ್ಡ ಮನೆತನ. ನಮ್ಮ ಮನೆಯಲ್ಲಿ ಎಮ್ಮೆಯಿಲ್ಲ, ಎತ್ತಿಲ್ಲ. ಇರುವುದು ಒಂದು ಮೊಲ, ಅದೂ ಬೀದಿಗೆ ಕಾಣುವಂತೆ ಕಟ್ಟೆಯ ಮೇಲೆ, ಮಿಲ್ಲಿನಿಂದ ತಂದ ಹಲಗೆ ಪೆಟ್ಟಿಗೆಯಲ್ಲಿ. ಎಂದ ಮೇಲೆ ನಮ್ಮ ಕುಲದ ಮಾನವೆಲ್ಲ ಆ ನಾಲ್ಕು ಮೂಳೆಗಳ ಮೇಲೆ ಬಂದು ನಿಂತಿತು.

ನನ್ನ ಕೆಲಸ ಹತ್ತಿ ಗಿರಣಿಯಲ್ಲಿ. ಗಾಡಿಯಲ್ಲಿ ಬಂದ ಹತ್ತಿಯಿಂದ ಒಂದಿಷ್ಟು ತೆಗೆದು, ಕಾಳು ಬಿಡಿಸಿ, ಅರಳೆ ಎಷ್ಟು ಕಾಳು ಎಷ್ಟು ಎಂದು ತೂಗಿ ಬರೆಯುವುದು. ಅದಕ್ಕೊಂದು ಪುಟ್ಟ ತಕ್ಕಡಿಯಿದೆ. ಆ ದಿನ ಊಟದ ಬಿಡುವಿನಲ್ಲಿ ಅರಳಿಯನ್ನು ಬುಟ್ಟಿಯಲ್ಲಿ ಒಯ್ದು ತೂಗಿದೆ. ಮೂರು ರಾತಲು ಎರಡು ಔನ್ಸು (ರಾತಲಿಗೆ ಹದಿನಾರು ಔನ್ಸು). ಆ ಗಾತ್ರದ ಮೊಲ ನಾಲ್ಕರ ಹತ್ತಿರ ಇರಬೇಕೆಂದು ನನ್ನ ಅಂದಾಜು. ಹದಿನಾಲ್ಕು ಔನ್ಸು ಕಡಿಮೆ. ಇಪ್ಪತ್ತು ದಿನದಲ್ಲಿ ಹದಿನಾಲ್ಕು ಔನ್ಸು. ಹೆಂಡತಿ ಬರುವಷ್ಟರಲ್ಲಿ ತುಂಬಿಸಿಬಿಡಬಹುದು ಎನಿಸಿತು. ಮೊಲವೆಂದರೆ ಹತ್ತಿಯ ಚೀಲ, ತುಂಬಿದರೆ ತುಂಬುತ್ತದೆ ಎಂದುಕೊಂಡಿದ್ದೆನೋ ಏನೋ.

ಡೈರಿಯಲ್ಲಿ ಹೊಸ ಪುಟ ತೆರೆದೆ. ಗೆರೆ ಎಳೆದೆ. ತಾರೀಖು. ತೂಕ. ಹಾಕಿದ್ದು. ತಿಂದಿದ್ದು. ನಾಲ್ಕು ಕಾಲಂ. ಕೆಂಪು ಶಾಯಿಯಲ್ಲಿ ಶೀರ್ಷಿಕೆ.

ಇನ್ನು ಸಲಹೆಗಾರರು.

ಆಗಸ್ಟ್ ಎರಡರಿಂದ ಹನ್ನೊಂದರವರೆಗೆ, ಹತ್ತು ದಿನದಲ್ಲಿ, ಕಟ್ಟೆಯ ಮುಂದೆ ನಿಂತು ಮೊಲವನ್ನು ದಪ್ಪ ಮಾಡುವ ದಾರಿ ಹೇಳಿ ಹೋದವರು ಹದಿನೇಳು ಮಂದಿ. ಬಾಳೆಹಣ್ಣು ಅಂದವರು ಐವರು. ಬೆಲ್ಲ ಅಂದವರು ನಾಲ್ವರು. ತುಪ್ಪದನ್ನ ಅಂದವರು ಮೂವರು. ಎಮ್ಮೆ ಹಾಲು ಇಬ್ಬರು. ನೆನೆಸಿದ ಕಡಲೆ ಒಬ್ಬರು. ಒಬ್ಬ ಮೇಷ್ಟ್ರು ತಮ್ಮ ಮಗುವಿಗೆ ತಂದ ಟಾನಿಕ್ಕಿನ ಬಾಟಲಿಯಲ್ಲಿ ತಳದಲ್ಲಿ ಉಳಿದದ್ದನ್ನು ಕೊಡಲು ಬಂದರು. ಈ ಹದಿನಾರು ಮಂದಿಯಲ್ಲಿ ಮೊಲ ಸಾಕಿದವರು ಎಷ್ಟು? ಸೊನ್ನೆ. ಮೊಲವನ್ನು ಬಲ್ಲವರು ಒಬ್ಬರಿದ್ದರು. ಹಾಲಹರವಿ ಕಡೆಯ ಹೊಲದಲ್ಲಿ ಬೇಟೆಯಾಡಿ ತಿಂದಿದ್ದರಂತೆ.

“ಅದು ಈಗ ಏನು ತಿಂತೈತಿ?” ಎಂದು ಕೇಳಿದವರು? ಅದೂ ಸೊನ್ನೆ. “ಬಾಯಿ ಹೆಂಗೈತಿ, ಹೊಟ್ಟಿ ಹೆಂಗೈತಿ?” ಎಂದವರು? ಸೊನ್ನೆ. ನಮ್ಮ ಊರಲ್ಲಿ ಕೇಳುವುದು ಚಿಕ್ಕವರ ಕೆಲಸ, ಹೇಳುವುದು ದೊಡ್ಡವರ ಕೆಲಸ. ಮೊಲದ ಮುಂದೆ ಎಲ್ಲರೂ ದೊಡ್ಡವರೇ.

ಹದಿನೇಳನೆಯವರು ಚನ್ನಬಸಪ್ಪ ಸಾಹುಕಾರರು. ಅವರದು ಆಮೇಲೆ ಬರುತ್ತದೆ.

ಆಗಸ್ಟ್ ನಾಲ್ಕರಂದು ನಾನು ಗಿರಣಿಯಿಂದ ಬಂದಾಗ ಮಾಳಿಗೆಯ ಮೇಲಿದ್ದ ಒಣಹುಲ್ಲಿನ ಚೀಲ ಕಾಣಲಿಲ್ಲ.

“ಅವ್ವಾ, ಚೀಲ ಎಲ್ಲಿ?”

“ಸಾಹುಕಾರರ ಎಮ್ಮಿಗೆ ಕೊಟ್ಟೆ.” ನನ್ನ ತಾಯಿ ಉಂಡೆಗೆ ಎಳ್ಳು ಹುರಿಯುತ್ತಿದ್ದಳು. “ಮೊಲಕ್ಕ ಒಣಾ ಹುಲ್ಲು ಹಾಕತಾರಂತ ಓಣ್ಯಾಗೆಲ್ಲ ಆಡಿಕೊಳ್ಳಾಕತ್ತಾರ. ಸೊಸಿ ತವರಿಗೆ ಹೋಗ್ಯಾಳ, ಅತ್ತಿ ಆಕಿ ಮೊಲಾನ ಉಪಾಸ ಕೆಡವ್ಯಾಳ ಅಂತ ಹೆಸರು ಬರೋದು ನನಗೋ ನಿನಗೋ?”

“ಪಾರ್ವತಿ ಅದನ್ನ ಹಾಕ್ರಿ ಅಂದಿದ್ಲು.”

“ಆಕಿ ಇನ್ನ ಹುಡುಗಿ. ನಾ ನಾಕು ಮಕ್ಕಳನ ಸಾಕೀನಿ.”

ನಾಲ್ಕು ಮಕ್ಕಳಿಗೂ ಮೊಲಕ್ಕೂ ಏನು ಸಂಬಂಧ ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ. ಯಾಕೆಂದರೆ ಒಳಗೊಳಗೆ ನನಗೂ ಅದೇ ಸರಿ ಎನಿಸಿತ್ತು. ಹುಲ್ಲು ತಿಂದು ಯಾರು ದಪ್ಪಗಾಗುತ್ತಾರೆ? (ಎಮ್ಮೆ ಎಂದು ನೀವು ಹೇಳಬಹುದು. ಆ ಹೊತ್ತಿಗೆ ಹೊಳೆಯಲಿಲ್ಲ.) ಅಂದಿನಿಂದ ಅರಳಿಯ ಬಟ್ಟಲಲ್ಲಿ ಹಬ್ಬವೋ ಹಬ್ಬ. ಬೆಳಗ್ಗೆ ಬಾಳೆಹಣ್ಣು, ಮಧ್ಯಾಹ್ನ ತುಪ್ಪದನ್ನ, ಸಂಜೆ ನೆನೆಸಿದ ಕಡಲೆ, ನಡುವೆ ಅವ್ವ ನನ್ನನ್ನು ಕೇಳದೆ ಇಡುತ್ತಿದ್ದ ಬೆಲ್ಲ, ಎಳ್ಳುಂಡೆ.

ಬಟ್ಟಲು ಖಾಲಿಯಾಗುತ್ತಿತ್ತು. ನಾನು ‘ತಿಂದಿದ್ದು’ ಕಾಲಂನಲ್ಲಿ ತುಂಬುತ್ತಿದ್ದೆ. ಆರು ಔನ್ಸು. ಎಂಟು ಔನ್ಸು. ಒಂಬತ್ತೂವರೆ.

ತೂಕ ಮಾತ್ರ ಇಳಿಯುತ್ತಿತ್ತು. ಆಗಸ್ಟ್ ಐದು: ಮೂರು ರಾತಲು. ಆಗಸ್ಟ್ ಒಂಬತ್ತು: ಎರಡು ರಾತಲು ಹದಿಮೂರು ಔನ್ಸು.

ತಕ್ಕಡಿಯ ಮೇಲೆ ಅನುಮಾನ ಬಂತು. ಕಲ್ಲುಗಳನ್ನು ಒರೆಸಿ, ಮುಳ್ಳು ಸರಿಪಡಿಸಿ ಮತ್ತೆ ತೂಗಿದೆ. ಅಷ್ಟೇ. ದಿನಕ್ಕೆ ಒಂಬತ್ತು ಔನ್ಸು ತಿಂದು ತೂಕ ಕಳೆದುಕೊಳ್ಳುವ ಪ್ರಾಣಿಯನ್ನು ಲೋಕದಲ್ಲಿ ಯಾರಾದರೂ ಕಂಡಿದ್ದಾರೆಯೇ?

ಆಗಲೇ ಹೊಳಗುಂದದಿಂದ ಕಾರ್ಡು ಬಂತು. ನಾಲ್ಕೇ ಸಾಲು. ಎಲ್ಲರೂ ಕ್ಷೇಮ. ಜೋಕಾಲಿ ಕಟ್ಟಿದ್ದಾರೆ. ನಿಮ್ಮ ಆರೋಗ್ಯ ನೋಡಿಕೊಳ್ಳಿ. ಕೊನೆಯ ಸಾಲು: ‘ಅರಳಿ ಹುಲ್ಲು ಜಗಿಯುತ್ತಿದೆಯೇ? ತಪ್ಪದೆ ಬರೆಯಿರಿ.’

ನಾನು ತಪ್ಪದೆ ಬರೆದೆ. ‘ಅರಳಿ ದಿನಕ್ಕೆ ಸರಾಸರಿ ಎಂಟು ಔನ್ಸು ಆಹಾರ ತಿನ್ನುತ್ತಿದೆ. ಚಿಂತೆ ಬೇಡ.’ ಅವಳು ಕೇಳಿದ್ದೇನು, ನಾನು ಬರೆದದ್ದೇನು? ಕೇಳಿದ ಪ್ರಶ್ನೆಗೆ ಉತ್ತರ ಗೊತ್ತಿಲ್ಲದಾಗ ಅಂಕಿ ಕೊಡುವುದು ಸರ್ಕಾರಿ ಕಚೇರಿಗಳ ಪದ್ಧತಿ ಎಂದು ಇದೇ ಅಂಕಣದಲ್ಲಿ ನಾನು ಹಿಂದೆ ಒಮ್ಮೆ ಬಯ್ದಿದ್ದೆ. ಆ ಬೈಗುಳವನ್ನು ಈಗ ಗೌರವದಿಂದ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.

ಹತ್ತನೆಯ ತಾರೀಖು ಸಾಹುಕಾರರು ಸ್ವತಃ ಕಟ್ಟೆ ಹತ್ತಿ ಬಂದರು. ಕೈಯಲ್ಲಿ ಹಿತ್ತಾಳೆಯ ಪಾತ್ರೆ. ಒಳಗೆ ಬೂದು ಬಣ್ಣದ ಮುದ್ದೆ.

“ಹತ್ತಿಕಾಳು. ರಾತ್ರಿ ನೆನಿ ಹಾಕಿ, ಮುಂಜಾನೆ ನಮ್ಮ ಮನ್ಯಾಗ ರುಬ್ಬಿದ್ದು. ಸ್ವಲ್ಪ ಶೇಂಗಾ ಹಿಂಡಿ, ಚಿಟಿಕಿ ಉಪ್ಪು. ಎಂಟು ದಿನ ಹಾಕು. ಗುರುತು ಸಿಗದಂಗ ಆಗತೈತಿ.”

“ಇದು ಎಮ್ಮಿಗಲ್ರೀ?”

“ಎಮ್ಮಿ ತಿಂದು ಆನಿ ಆಗಿರಬೇಕಾದ್ರ ಮೊಲ ತಿಂದು ಕುರಿ ಆಗಬಾರದೇನು?”

ತರ್ಕ ನೋಡಿ. ಹತ್ತಿಯ ಊರಲ್ಲಿ ಹುಟ್ಟಿ ಬೆಳೆದವರಿಗೆ ಹತ್ತಿಕಾಳೇ ಅಮೃತ. ಎಮ್ಮೆಗೆ ಹಾಲು ಇಳಿಯಲಿಲ್ಲವೇ, ಹತ್ತಿಕಾಳು. ಎತ್ತು ಸೊರಗಿತೇ, ಹತ್ತಿಕಾಳು. ಆಡು, ಆಕಳು, ಕೋಣ ಎಲ್ಲಕ್ಕೂ ಅದೇ ಮದ್ದು. ಬೇರೆ ಊರಿನವನಿಗೆ ಮೊಲದ ಬಾಯಿಗೆ ಹತ್ತಿಕಾಳು ಇಡುವ ಯೋಚನೆ ಕನಸಲ್ಲೂ ಬರುತ್ತಿರಲಿಲ್ಲ. ನಮಗೆ ಹಗಲಲ್ಲೇ ಬಂತು. ದಿನವಿಡೀ ಹತ್ತಿಕಾಳನ್ನು ಕೈಯಲ್ಲಿ ಹಿಡಿದು ತೂಗುವ ನಾನು ಆ ಪಾತ್ರೆಯನ್ನು ಎರಡೂ ಕೈ ಚಾಚಿ ತೆಗೆದುಕೊಂಡೆ.

ಮುದ್ದೆ ಮೆತ್ತಗಿತ್ತು. ಅರಳಿ ನಾಲ್ಕೈದು ಸಲ ನೆಕ್ಕಿತು. ಸಾಹುಕಾರರು ನನ್ನ ಕಡೆ ತಿರುಗಿ ಮೀಸೆ ತೀಡಿದರು. ಅಂದು ಅವರಿಗೆ ಕಂಡಿದ್ದು ಅವರ ಪಾತ್ರೆ ಮಾತ್ರ. ನನಗೆ ಕಂಡಿದ್ದು ನನ್ನ ಕಾಲಂ ಮಾತ್ರ. ಮೊಲದ ಕಡೆ ನೋಡುತ್ತಿದ್ದವರು ಯಾರು?

ಹನ್ನೊಂದರಂದೂ ಅದೇ ಮುದ್ದೆ.

ಹನ್ನೆರಡರ ಬೆಳಗ್ಗೆ ಪೆಟ್ಟಿಗೆಯ ಮೂಲೆಯಲ್ಲಿ ಅರಳಿ ಬೆನ್ನು ಗೂನಾಗಿಸಿ ಕೂತಿತ್ತು. ಕಿವಿ ತಣ್ಣಗಿದ್ದವು. ಹೊಟ್ಟೆ ಡೋಲಿನಂತೆ ಬಿಗಿದಿತ್ತು. ಗುಡಿಸಲು ಹೋದ ಅವ್ವ ಬರಿಗೈಯಲ್ಲಿ ತಿರುಗಿ ಬಂದಳು.

“ತಮ್ಮಾ, ಒಂದೂ ಹಿಕ್ಕಿ ಇಲ್ಲ.”

ಆಗ ನನ್ನ ಡೈರಿಯ ನಾಲ್ಕು ಕಾಲಂಗಳನ್ನು ನೋಡಿದೆ. ಒಳಗೆ ಹೋದದ್ದಕ್ಕೆ ಎರಡು ಕಾಲಂ. ಹೊರಗೆ ಬಂದದ್ದಕ್ಕೆ ಒಂದೂ ಇಲ್ಲ. ಎಂಥ ಲೆಕ್ಕಿಗ.

ಗಿರಣಿಗೆ ರಜೆ ಹೇಳಿ ಕಳುಹಿಸಿ ಪೆಟ್ಟಿಗೆಯ ಮುಂದೆ ಕೂತೆ. ಕಡಲೆಯ ಬಟ್ಟಲು ಅಲ್ಲೇ ಇತ್ತು. ಹತ್ತು ನಿಮಿಷಕ್ಕೆ ಮೊದಲ ಗುಬ್ಬಿ ಬಂತು. ಹಲಗೆಯ ಸಂದಿನಿಂದ ಒಳಗೆ ನುಗ್ಗಿ ಒಂದು ಕಡಲೆ ಎತ್ತಿಕೊಂಡು ಹೋಯಿತು. ಎರಡನೆಯದು ಬಂತು. ಆಮೇಲೆ ಅಳಿಲು. ಬೆಲ್ಲದ ಚೂರಿಗೆ ಇರುವೆಯ ಸಾಲು, ಕಟ್ಟೆಯ ಕೆಳಗಿನಿಂದ. ಅರ್ಧ ಗಂಟೆಯಲ್ಲಿ ಬಟ್ಟಲು ಖಾಲಿ. ಅರಳಿ ಕೂತಲ್ಲೇ ಕೂತಿತ್ತು.

ದಿನಕ್ಕೆ ಸರಾಸರಿ ಎಂಟು ಔನ್ಸು! ನಮ್ಮ ಓಣಿಯ ಗುಬ್ಬಿಗಳ ತೂಕ ಆ ವಾರ ಎಷ್ಟು ಏರಿತೋ ನಾನು ತೂಗಲಿಲ್ಲ.

ಜಟಕಾ ಕರೆದೆ. ಇಮಾಮ್ ಸಾಬಿ ನಮ್ಮ ಓಣಿಯ ಮೂಲೆಯಲ್ಲಿ ಗಾಡಿ ನಿಲ್ಲಿಸುವವನು. ಬುಟ್ಟಿಯನ್ನು ಒಳಗಿಡುವಾಗ ಬಗ್ಗಿ ನೋಡಿದ.

“ಸಾಬ್, ಇದರ ಗಲ್ಲ ಯಾಕ ಹಸಿ ಐತಿ?”

“ನೀರು ಕುಡದಿರಬೇಕು.”

“ನೀರು ಕುಡದ್ರ ಮೂತಿ ಹಸಿ ಆಗತೈತಿ. ಇದು ಜೊಲ್ಲು.” ಕೆಳದುಟಿಯನ್ನು ಹೆಬ್ಬೆರಳಿಂದ ಮೆಲ್ಲಗೆ ಸರಿಸಿದ. “ಅರೇ. ನೋಡ್ರಿ ಇಲ್ಲಿ. ದಾಂತ ಹೆಂಗ ಬೆಳದಾವ. ಕುದುರಿ ಹಿಂಗ ಜೊಲ್ಲು ಸುರಿಸಿದ್ರ ನಾವು ಮದಲ ಬಾಯಿ ತೆಗದು ನೋಡ್ತೀವಿ. ನೀವು ಏನು ನೋಡಿದ್ರಿ?”

“ತೂಕ.”

ಇಮಾಮ್ ಸಾಬಿ ನಗಲಿಲ್ಲ. ಕುದುರೆಯ ಕಡೆ ತಿರುಗಿ “ಚಲ್ ಬೇಟಾ” ಎಂದ. ನಕ್ಕಿದ್ದರೆ ಚೆನ್ನಾಗಿತ್ತು.

ಸರ್ಕಾರಿ ದನದ ಆಸ್ಪತ್ರೆಯ ಡಾಕ್ಟರು ತೆಲುಗು ಕರಾವಳಿ ಕಡೆಯವರು. ನಮ್ಮ ಊರು ತೆಲುಗರ ಹೊಸ ರಾಜ್ಯಕ್ಕೆ ಸೇರಿದ ಮೇಲೆ ಬಂದವರು. ತೆಲುಗು ಬಿಟ್ಟರೆ ಇಂಗ್ಲಿಷು. ಅವರ ಮುಂದೆ ಎರಡು ಎತ್ತು, ಒಂದು ಆಡು ಸರತಿಯಲ್ಲಿ ನಿಂತಿದ್ದವು. ಹೊಟ್ಟೆ ಮುಟ್ಟಿ ನೋಡಿ ಅರಳಿಯನ್ನು ಮೊದಲು ತೆಗೆದುಕೊಂಡರು.

“ಏಮಿ ಪೆಟ್ಟಾರು?” ಏನು ತಿನ್ನಿಸಿದಿರಿ?

ಡೈರಿ ತೆರೆದು ಓದಿದೆ. ಬಾಳೆಹಣ್ಣು, ತುಪ್ಪದನ್ನ, ಕಡಲೆ, ಬೆಲ್ಲ, ಎಳ್ಳುಂಡೆ. ಡಾಕ್ಟರು ಒಂದೊಂದಕ್ಕೂ ತಲೆ ಅಲ್ಲಾಡಿಸುತ್ತ ಹೋದರು. ಹತ್ತಿಕಾಳು ಎಂದಾಗ ಅಲ್ಲಾಡಿಸುವುದನ್ನು ನಿಲ್ಲಿಸಿದರು.

“ಪತ್ತಿಗಿಂಜಲಾ? ಎನ್ನಿ ರೋಜುಲು?” ಹತ್ತಿಕಾಳೇ? ಎಷ್ಟು ದಿನ?

“ಎರಡು.”

“ಇನ್ನೂ ನಾಲ್ಕು ದಿನ ಕೊಟ್ಟಿದ್ದರೆ ನನ್ನ ಹತ್ತಿರ ತರುವ ಕೆಲಸ ಇರುತ್ತಿರಲಿಲ್ಲ” ಎಂಬರ್ಥದ ಮಾತನ್ನು ತೆಲುಗಿನಲ್ಲಿ ಮೆತ್ತಗೆ ಹೇಳಿದರು. ನಾಲ್ಕು ಹೊಟ್ಟೆಯ ಎಮ್ಮೆ ಅರಗಿಸಿಕೊಳ್ಳುವ ವಿಷ ಒಂದು ಹೊಟ್ಟೆಯ ಮೊಲಕ್ಕೆ ಅರಗುವುದಿಲ್ಲವಂತೆ. ಇನ್ನು ಅಸಲು ರೋಗ ಹಲ್ಲಿನದು. ಮೊಲದ ಹಲ್ಲು ಸಾಯುವವರೆಗೂ ಬೆಳೆಯುತ್ತಲೇ ಇರುತ್ತದೆ. ಇದರ ಮುಂದಿನ ಹಲ್ಲು ಒಂದಕ್ಕೊಂದು ಕೂಡದೆ ಸೊಟ್ಟಗೆ ಬೆಳೆದು ತುಟಿಗೆ ಚುಚ್ಚುತ್ತಿತ್ತು. ಹಸಿವಿತ್ತು, ಬಾಯಿ ಇರಲಿಲ್ಲ. ಬಟ್ಟಲ ತುಂಬ ತಿಂಡಿಯಿಟ್ಟು ನಾವು ಅದರ ಮುಂದೆ ಹಬ್ಬ ಮಾಡುತ್ತಿದ್ದೆವು.

ಡಾಕ್ಟರು ಹಲ್ಲನ್ನು ಸಣ್ಣ ಅರದಿಂದ ಸ್ವಲ್ಪ ಸ್ವಲ್ಪವಾಗಿ ಸವೆಸಿದರು. ನಾನು ಅರಳಿಯನ್ನು ಟವೆಲಿನಲ್ಲಿ ಸುತ್ತಿ ಹಿಡಿದಿದ್ದೆ. ಅದರ ಎದೆ ಗಡಿಯಾರದ ಮುಳ್ಳಿಗಿಂತ ವೇಗವಾಗಿ ಬಡಿಯುತ್ತಿತ್ತು. ಎಣಿಸಲು ಹೊರಟು ಬಿಟ್ಟುಬಿಟ್ಟೆ. ನನ್ನ ಆಯುಷ್ಯದಲ್ಲಿ ಎಣಿಸದೆ ಬಿಟ್ಟದ್ದು ಅದೇ ಮೊದಲು. ಹೊಟ್ಟೆಗೆ ಒಂದು ಔಷಧ ಹಾಕಿದರು. “ಸಾಯಂಕಾಲದೊಳಗೆ ಹಿಕ್ಕೆ ಬಿದ್ದರೆ ಬದುಕಿತು. ಬೀಳದಿದ್ದರೆ ಮತ್ತೆ ತನ್ನಿ” ಎಂದರು.

ಆ ಮಧ್ಯಾಹ್ನ ನಾನೂ ಅವ್ವನೂ ಪೆಟ್ಟಿಗೆಯ ಎರಡು ಕಡೆ ಕೂತೆವು. ಅವ್ವ ಒಮ್ಮೆ ಮಾತ್ರ “ಪಾರ್ವತಿಗೆ ಏನಂತ ಹೇಳ್ತೀ?” ಎಂದಳು. ನನ್ನ ಹತ್ತಿರ ಹತ್ತು ದಿನದ ಲೆಕ್ಕವಿತ್ತು. ಮದುವೆಗೆ ಮುಂಚಿನ ಅವಳ ಮನೆಯಿಂದ ಜೊತೆಗೆ ಬಂದ ಆ ಒಂದೇ ಜೀವವನ್ನು ನಾವು ಮರ್ಯಾದೆಯ ಹೆಸರಲ್ಲಿ ಕೊಂದೆವು ಎಂದು ಕಾರ್ಡಿನಲ್ಲಿ ಬರೆಯಲು ಬರುತ್ತದೆಯೇ?

ನಾಲ್ಕೂ ಐವತ್ತಕ್ಕೆ ಒಂದು ಹಿಕ್ಕೆ ಬಿತ್ತು. ಸಾಸಿವೆಗಿಂತ ಸ್ವಲ್ಪ ದೊಡ್ಡದು. ಅವ್ವ ಕೈಮುಗಿದಳು. ಹಿಕ್ಕೆಗೆ ಕೈಮುಗಿದ ಮೊದಲ ಮನೆತನ ನಮ್ಮದೇ ಇರಬೇಕು.

ಆಮೇಲಿನ ಕಥೆ ಚಿಕ್ಕದು. ಹಾಗಾಗಿಯೇ ಓಣಿಯವರಿಗೆ ರುಚಿಸಲಿಲ್ಲ. ಬಡಕಲು ಮೊಲಕ್ಕೆ ಬೇಕಾದದ್ದು ಮುಖ್ಯವಾಗಿ ಹುಲ್ಲು. ಹಗಲೆಲ್ಲ ಜಗಿಯಲು ಸಿಗುವಷ್ಟು ಒಣಹುಲ್ಲು. ಜಗಿದಷ್ಟೂ ಹಲ್ಲು ಸವೆಯುತ್ತದೆ, ಹೊಟ್ಟೆ ನಡೆಯುತ್ತದೆ. ಗರಿಕೆಯನ್ನು ತೊಳೆದು, ನೀರು ಆರಿಸಿ, ಒಂದು ಹಿಡಿ. ಮೈ ತುಂಬಲೆಂದು ಇಮಾಮ್ ಸಾಬಿ ತನ್ನ ಕುದುರೆಯ ಪಾಲಿನಿಂದ ದಿನಾ ಒಂದಿಷ್ಟು ಕುದುರೆ ಮಸಾಲೆ ಎಂಬ ಮೇವಿನ ಸೊಪ್ಪು ತಂದುಕೊಟ್ಟ. ಅದನ್ನೂ ಮೊದಲ ದಿನ ನಾಲ್ಕೇ ಎಸಳು, ಹಿಕ್ಕೆ ಸರಿಯಾಗಿದೆ ಎಂದು ನೋಡಿಕೊಂಡ ಮೇಲೆ ಮರುದಿನ ಆರು. ಹೊಸದು ಏನೇ ಇದ್ದರೂ ಒಂದೊಂದಾಗಿ, ನಿಧಾನವಾಗಿ. ಬಾಯಿಗೆ ತುರುಕುವುದಿಲ್ಲ. ತೂಗುವುದು ವಾರಕ್ಕೆ ಎರಡೇ ಸಲ, ಒಂದೇ ಹೊತ್ತಿಗೆ. ಹಿಕ್ಕೆ ನೋಡುವುದು ದಿನಾ. ಹಲ್ಲು ತಿಂಗಳಿಗೊಮ್ಮೆ ಡಾಕ್ಟರಿಗೆ ತೋರಿಸುವುದು, ಮನೆಯಲ್ಲಿ ಕತ್ತರಿ ಹಿಡಿಯುವುದಲ್ಲ. ಇಷ್ಟೇ.

ಇದರಲ್ಲಿ ತುಪ್ಪವಿಲ್ಲ, ಬೆಲ್ಲವಿಲ್ಲ, ಹಿತ್ತಾಳೆಯ ಪಾತ್ರೆಯಿಲ್ಲ. ಕೊಟ್ಟವನ ಹೆಸರು ಹೇಳಿಕೊಳ್ಳಲು ಏನೂ ಇಲ್ಲ. ಎಂದ ಮೇಲೆ ಯಾರಿಗೆ ಬೇಕು?

ಒಣಹುಲ್ಲನ್ನು ಎಲ್ಲಿಂದ ತರುವುದು? ಅವ್ವ ಸೆರಗು ಕಟ್ಟಿಕೊಂಡು ಸಾಹುಕಾರರ ಮನೆಗೆ ಹೋದಳು. ಅರ್ಧ ಚೀಲ ಉಳಿದಿತ್ತು. ಎಮ್ಮೆಗಳು ಮುಟ್ಟದೆ ಇನ್ನರ್ಧ ಅವುಗಳ ಕಾಲಡಿಯ ಹಾಸಾಗಿತ್ತಂತೆ. ಹಬ್ಬದೂಟ ತಿನ್ನುವ ಎಮ್ಮೆಗಳು, ಒಣಹುಲ್ಲನ್ನು ಹೇಗೆ ಮುಟ್ಟಾವು? ಕೊಟ್ಟದ್ದನ್ನು ಹಿಂದಕ್ಕೆ ಕೇಳುವುದೆಂದರೆ ನಮ್ಮ ಓಣಿಯಲ್ಲಿ ತಲೆ ತೆಗೆದು ಕೈಯಲ್ಲಿಟ್ಟ ಹಾಗೆ. ಅವ್ವ ಆ ಅರ್ಧ ಚೀಲವನ್ನು ನಡುಬೀದಿಯಲ್ಲಿ, ಹಗಲು ಹನ್ನೊಂದಕ್ಕೆ, ತಲೆಯ ಮೇಲೆ ಹೊತ್ತು ತಂದಳು. ಈ ಇಡೀ ಪ್ರಕರಣದಲ್ಲಿ ಮರ್ಯಾದೆಯ ಕೆಲಸ ಎಂದು ನನ್ನ ಡೈರಿಯಲ್ಲಿ ಬರೆದಿರುವುದು ಅದೊಂದನ್ನೇ.

ಆಗಸ್ಟ್ ಹದಿನೈದು: ಎರಡು ರಾತಲು ಒಂಬತ್ತು ಔನ್ಸು. ಹದಿನೆಂಟು: ಎರಡು, ಹತ್ತೂವರೆ. ಇಪ್ಪತ್ತೆರಡು: ಎರಡು, ಹದಿಮೂರು.

ಇಪ್ಪತ್ಮೂರರಂದು ಸಾಹುಕಾರರು ಕಟ್ಟೆಯ ಮುಂದೆ ಬಂದು ನಿಂತರು. ಅರಳಿ ಹುಲ್ಲು ಜಗಿಯುತ್ತಿತ್ತು. ಕರ್ ಕರ್ ಎಂಬ ಸದ್ದು ಬೀದಿಗೆ ಕೇಳುತ್ತಿತ್ತು.

“ನೋಡಿದ್ಯಾ? ಎರಡ ದಿನ ಹಾಕಿದ್ದಕ್ಕ ಹೆಂಗ ಚೇತರಿಸ್ಕೊಂಡೈತಿ. ಎಂಟು ದಿನ ಹಾಕಿದ್ರ ಏನಾಗ್ತಿತ್ತು ಹೇಳು?”

“ಸಾಯ್ತಿತ್ತು” ಎಂದೆ.

ಸಾಹುಕಾರರು ಹೊಟ್ಟೆ ಹಿಡಿದು ನಕ್ಕರು. ನಾನು ತಮಾಷೆ ಮಾಡಿದೆ ಎಂದುಕೊಂಡರು. ಈಗ ಓಣಿಯಲ್ಲಿ ಯಾರ ಆಡು ಸೊರಗಿದರೂ ನಮ್ಮ ಮೊಲದ ದೃಷ್ಟಾಂತ ಕೊಟ್ಟು ಹಿತ್ತಾಳೆಯ ಪಾತ್ರೆ ಎತ್ತಿಕೊಂಡು ಹೋಗುತ್ತಾರಂತೆ. ಆಡಿಗಾದರೂ ಅರಗೀತು. ಅವರಿಗೆ ತಿಳಿಸಿ ಹೇಳುವ ಹುರುಪು ನನಗಿಲ್ಲ. ಡಾಕ್ಟರು ಹೇಳಿದ್ದು, ಜಟಕಾದವನು ಕಂಡದ್ದು, ಅವ್ವ ಹೊತ್ತು ತಂದದ್ದು, ಇದ್ಯಾವುದೂ ಅವರ ಕಿವಿಗೆ ಹೋಗುವುದಿಲ್ಲ. ತಾನು ಕೊಟ್ಟದ್ದರಿಂದ ಯಾರಿಗಾದರೂ ಕೇಡಾಗಬಹುದು ಎಂಬ ಅನುಮಾನವೇ ಬಾರದೆ ಬದುಕುವುದು ಎಂಥ ಸುಖ! ಇಂಥವರೇ ಹೆಚ್ಚಾಗಿ ಮೈ ತುಂಬಿಕೊಂಡು ಇರುತ್ತಾರೆ, ಗಮನಿಸಿದ್ದೀರಾ?

ಇಷ್ಟು ಬರೆದು ಇಲ್ಲಿಗೆ ಮುಗಿಸಿದ್ದರೆ ಈ ವಾರದ ಅಂಕಣ ಸಾಹುಕಾರರ ಮೇಲೆಯೇ ನಿಲ್ಲುತ್ತಿತ್ತು. ನನಗೂ ಹಿತವಾಗಿರುತ್ತಿತ್ತು. ಆದರೆ ಇಪ್ಪತ್ತೈದರಂದು ಪಾರ್ವತಿ ಬಂದಳು.

ಅವ್ವನ ಕಾಲಿಗೆ ನಮಸ್ಕರಿಸಿ, ತವರಿನ ಉಂಡೆಯ ಡಬ್ಬಿ ಕೆಳಗಿಟ್ಟು, ನೇರ ಪೆಟ್ಟಿಗೆಯ ಹತ್ತಿರ ಹೋದಳು. ನಾನು ಡೈರಿ ಹಿಡಿದು ಪಕ್ಕದಲ್ಲಿ ನಿಂತೆ. ಆ ಬೆಳಗ್ಗೆಯೇ ತೂಗಿದ್ದೆ. ಎರಡು ರಾತಲು ಹದಿನಾಲ್ಕೂವರೆ. ಅವಳು ಬಿಟ್ಟು ಹೋದಾಗಿನದಕ್ಕಿಂತ ಮೂರೂವರೆ ಔನ್ಸು ಕಡಿಮೆ. ಆದರೆ ಹತ್ತು ದಿನದಿಂದ ಏರುತ್ತಿದೆ ಎಂದು ತೋರಿಸಲು ಗ್ರಾಫ್ ಕೂಡ ಬರೆದಿದ್ದೆ.

ಅವಳು ತೂಕ ಕೇಳಲಿಲ್ಲ. ಅರಳಿಯನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡಳು. ಹೆಬ್ಬೆರಳಿಂದ ಕೆಳದುಟಿ ಸರಿಸಿದಳು, ಥೇಟು ಇಮಾಮ್ ಸಾಬಿಯಂತೆ.

“ಹಲ್ಲು ಯಾರು ಸವಸಿದ್ರು?”

“ದನದ ಡಾಕ್ಟರು.”

“ಯಾವಾಗ?”

“ಹನ್ನೆರಡನೇ ತಾರೀಖು.” ತಾರೀಖು ಹೇಳುವಾಗ ನನ್ನ ದನಿಯಲ್ಲಿ ಒಂದು ಬಗೆಯ ಹೆಮ್ಮೆಯೂ ಇತ್ತು, ಯಾಕೆ ಸುಳ್ಳು ಹೇಳಲಿ?

ಅವಳು ಸ್ವಲ್ಪ ಹೊತ್ತು ಮೊಲದ ಬೆನ್ನೆಲುಬಿನ ಮೇಲೆ ಬೆರಳಾಡಿಸುತ್ತಿದ್ದಳು. ಆಮೇಲೆ ನನ್ನ ಕಡೆ ನೋಡದೆಯೇ ಹೇಳಿದಳು. “ನಾ ಬಸ್ಸಿನ್ಯಾಗ ಕುಂತಾಗ ಹೇಳಿದ್ನಲ್ರೀ. ಹುಲ್ಲು ಬಾಯಾಗಿಂದ ಕೆಳಗ ಬೀಳಸಾಕತ್ತೈತಿ, ಹಲ್ಲು ಬೆಳದಿರಬೇಕು, ನಾಳೆ ಮದಲ ದವಾಖಾನಿಗೆ ತೋರಿಸ್ರಿ ಅಂತ. ನೀವು ಆತು ಆತು ಅಂದ್ರಿ.”

“ಹಂಗ ಹೇಳಿದ್ರ ನಾ ಬರಕೊಂಡಿರ್ತಿದ್ದೆ.”

“ನೋಡ್ರಿ ಹಂಗಾರ.”

ನೋಡಿದೆ. ನನ್ನ ಡೈರಿ ಸುಳ್ಳು ಹೇಳುವುದಿಲ್ಲ. ಆಗಸ್ಟ್ ಒಂದರ ಪುಟ ಅಚ್ಚುಕಟ್ಟಾಗಿತ್ತು. ‘ಬಸ್ಸು ಏಳೂ ಹತ್ತಕ್ಕೆ ಹೊರಟಿತು. ಹತ್ತು ನಿಮಿಷ ತಡ. ಗಂಟು ಎರಡು, ಟ್ರಂಕು ಒಂದು, ಕೊಡೆ ಒಂದು.’ ಅಷ್ಟೇ. ಕೆಳಗೆ ಅರ್ಧ ಪುಟ ಖಾಲಿ.

ಪಾರ್ವತಿ ಓದಿದಳು. ಮಾಳಿಗೆ ಹತ್ತಿ ಒಣಹುಲ್ಲಿನ ಚೀಲ ತರಲು ಹೋದಳು. ಅದು ಅರ್ಧವೂ ಇಲ್ಲದ್ದನ್ನು ಕಂಡು ಬಂದಾಗ ಅದಕ್ಕೂ ನಾನೇ ಉತ್ತರ ಹೇಳಬೇಕಾಗಿತ್ತು.

ಓಣಿಯವರ ಹದಿನೇಳು ಸಲಹೆಗಳನ್ನು ಹೆಸರು, ಹೊತ್ತಿನ ಸಮೇತ ಬರೆದಿಟ್ಟವನು ನಾನು. ಗಂಟು ಎರಡು, ಟ್ರಂಕು ಒಂದು, ಕೊಡೆ ಒಂದು ಎಂದಾದ ಮೇಲೆ ‘ಮಾತು ಒಂದು’ ಎಂದು ಸೇರಿಸಲು ಇನ್ನೆಷ್ಟು ಶಾಯಿ ಬೇಕಿತ್ತು?